ಹೊಳೆಯಾಚೆಯ ಎಂಟು ಮಳೆಗಾಲ

2009ರ ಜೂನ್ ಮೊದಲ ವಾರ. ಸಾಗರದಲ್ಲಿ ಹತ್ತಿದ ಬಸ್ಸು ಹೊಳೆಬಾಗಿಲಿಗೆ ಬಂದು ನಿಂತಿತು. ಮುಂದೆ ರಸ್ತೆ ನೀರಿನೊಳಗೆ ಇಳಿದುಹೋಗಿತ್ತು. "ಲಾಂಚ್ ಬರೋವರೆಗೆ ಇಳಿದು ನಿಂತ್ಕೊಳ್ಳಿ" ಅಂದರು ಕಂಡಕ್ಟರು. ನಾನೂ ಅಪ್ಪನೂ ಇಳಿದೆವು. ನನ್ನ ಬ್ಯಾಗಿನಲ್ಲಿ ಶಾಲೆಗೆ ಸೇರುವ ಆದೇಶ ಪತ್ರ ಇತ್ತು. ಅಪ್ಪನ ಹೆಗಲ ಮೇಲೆ ಹಾಸಿಗೆ ಸುರುಳಿ.

ನಮ್ಮದು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕು. ಅಪ್ಪ ಮೂರು ಬೋರು ಕೊರೆಸಿ ಮೂರರಲ್ಲೂ ಬರೀ ಧೂಳು ಕಂಡವರು. ನಲ್ಲಿಯ ಮುಂದೆ ಕೊಡಗಳ ಸಾಲು ಇಟ್ಟು, ನಮ್ಮ ಪಾಳಿ ಬರುವವರೆಗೆ ಅಲ್ಲೇ ಕೂತು ಹೋಂವರ್ಕ್ ಮಾಡಿ ಬೆಳೆದವಳು ನಾನು. ಬೇಸಿಗೆ ಕಳೆದು ಶರಾವತಿಯ ಹಿನ್ನೀರು ಆಗ ತೀರಾ ಕೆಳಗಿತ್ತಂತೆ. ನಮ್ಮ ಕಣ್ಣಿಗೆ ಅದೇ ಸಮುದ್ರ. ಅಪ್ಪ ಹಾಸಿಗೆ ಕೆಳಗಿಟ್ಟು ನೀರಿನ ಅಂಚಿಗೆ ಹೋದರು. ಚಪ್ಪಲಿ ಬಿಟ್ಟರು. ಬೊಗಸೆ ತುಂಬಾ ನೀರು ತೆಗೆದುಕೊಂಡು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಮತ್ತೆ ಹೊಳೆಗೇ ಬಿಟ್ಟರು. ಏನೂ ಮಾತಾಡಲಿಲ್ಲ.

ಲಾಂಚ್ ಬಂತು. ಮೊದಲು ಬಸ್ಸು, ಆಮೇಲೆ ಎರಡು ಜೀಪು, ಆಮೇಲೆ ಬೈಕುಗಳು, ಉಳಿದ ಜಾಗದಲ್ಲೆಲ್ಲ ಜನ. ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಹೊರಟವರೇ ಜಾಸ್ತಿ. ಅವರೆಲ್ಲ ಫೋಟೋ ತೆಗೆಯುತ್ತಿದ್ದರು. ಮೂಲೆಯಲ್ಲಿ ಕೆಲವರು ಗೋಣಿಚೀಲ, ಸೀಮೆಎಣ್ಣೆ ಕ್ಯಾನು, ಔಷಧಿ ಅಂಗಡಿಯ ಕವರು ಇಟ್ಟುಕೊಂಡು ಸುಮ್ನೆ ಕೂತಿದ್ದರು. ಅವರು ಹೊಳೆಯಾಚೆಯವರು. ಆವತ್ತಿನಿಂದ ನಾನೂ ಅವರ ಕಡೆಯವಳು ಅನ್ನುವುದು ನನಗೆ ಇನ್ನೂ ಅಂದಾಜಿಗೆ ಬಂದಿರಲಿಲ್ಲ.

ಕಳಸವಳ್ಳಿ ದಡದಲ್ಲಿ ಇಳಿದು, ಅದೇ ಬಸ್ಸಿನಲ್ಲಿ ತುಮರಿ ಕಡೆಗೆ ಹೋಗಿ, ಅಲ್ಲಿಂದ ಒಂದು ಜೀಪು ಹಿಡಿದು, ರಸ್ತೆ ಮುಗಿದ ಕಡೆ ಇಳಿದೆವು. ಮತ್ತೆ ನೀರು. ಹಿನ್ನೀರಿನ ಒಂದು ಕವಲು ಅದು. ಅದರಾಚೆ ಗುಡ್ಡದ ಬುಡದಲ್ಲಿ ನನ್ನ ಶಾಲೆ ಇದ್ದ ಮಜರೆ. ಊರಿನ ಹೆಸರು ಬರೆಯುವುದಿಲ್ಲ. ಇದ್ದದ್ದೇ 19 ಮನೆ, ಹೆಸರು ಬರೆದರೆ ಯಾರು ಏನು ಅಂತ ಗುರುತು ಸಿಕ್ಕಿಬಿಡುತ್ತದೆ. ಕಾಡಿನೊಳಗೆ ಸುತ್ತಿ ನಡೆದರೂ ಹೋಗಬಹುದು, ಆದರೆ ಅದು ಒಂದೂವರೆ ಗಂಟೆಯ ದಾರಿ. ದೋಣಿಯಲ್ಲಾದರೆ ಹದಿನೈದು ನಿಮಿಷ.

ನಮ್ಮನ್ನು ಅಲ್ಲಿಯವರೆಗೆ ಕರೆತಂದಿದ್ದ ಜೀಪಿನವರು ದಡದಲ್ಲಿ ನಿಂತು, ಅಂಗೈಯನ್ನು ಬಾಯಿಯ ಪಕ್ಕ ಇಟ್ಟುಕೊಂಡು ಒಂದು ಕೂಕುಳು ಹಾಕಿದರು. "ಕೂ...ಹೂ..." ಅಂತ ಉದ್ದಕ್ಕೆ. ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಅಂಥದ್ದೇ ಒಂದು ಕೂಗು ವಾಪಸ್ ಬಂತು. ಮರಗಳ ನಡುವಿಂದ ಒಂದು ದೋಣಿ ಬಿಚ್ಚಿಕೊಂಡಿತು.

ನಾನು ಉಳಿದುಕೊಂಡ ಮನೆ ದೀವರ ಸಮುದಾಯದವರದು. ಅಜ್ಜ, ಅಮ್ಮ, ಅವರ ಮಗ, ಸೊಸೆ. ಮಗನನ್ನು ಅಣ್ಣ ಅಂತಲೂ ಸೊಸೆಯನ್ನು ಅತ್ತಿಗೆ ಅಂತಲೂ ಕರೆಯುವುದು ಒಂದೇ ವಾರದಲ್ಲಿ ರೂಢಿಯಾಯಿತು. ಊರಿಗೆಲ್ಲ ನಾನು ಅಕ್ಕೋರು. ಶಾಲೆ ಅಂದರೆ ಒಂದು ಕೋಣೆ, ಒಂದು ಅಡುಗೆ ಮನೆ, 11 ಮಕ್ಕಳು, ಐದು ತರಗತಿ, ನಾನೊಬ್ಬಳೇ ಟೀಚರ್. ಅಪ್ಪ ಎರಡು ದಿನ ಇದ್ದು ಹೊರಟರು. ಹೊರಡುವಾಗ ಅಜ್ಜನಿಗೆ ಕೈ ಮುಗಿದು, "ನಮ್ ಹುಡುಗಿ ನೀರು ಕಂಡಾಕಿ ಅಲ್ರೀ, ಸ್ವಲ್ಪ ನೋಡ್ಕೊಳ್ರಿ" ಅಂದರು. ಅಜ್ಜ ಹೇಳಿದ್ದು ಇಷ್ಟೇ: "ಹೊಳೆ ಎಂತ ಮಾಡೂದಿಲ್ಲ. ಅದ್ರ ಮಾತು ಕೇಳ್ಬೇಕು ಅಷ್ಟೆ."

ಆ ಮಾತು ಕೇಳುವುದನ್ನು ಕಲಿಯಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು.

ಮೊದಲು ಕಲಿತದ್ದು ಹೊತ್ತು. ಹೊಳೆಬಾಗಿಲಿನ ಕೊನೆಯ ಲಾಂಚ್ ಆಗ ಸಂಜೆ ಆರರ ಹೊತ್ತಿಗೆ. ಅದು ತಪ್ಪಿದರೆ ಆ ರಾತ್ರಿಗೆ ದಾರಿ ಮುಗಿಯಿತು. ಸಾಗರಕ್ಕೆ ನೆಲದ ಮೇಲೆ ಸುತ್ತಿ ಹೋಗುವುದಾದರೆ ಸುಮಾರು 80 ಕಿಲೋಮೀಟರ್, ಅದೂ ಕಾಡಿನ ತಿರುವುಗಳಲ್ಲಿ. ಹಾಗಾಗಿ ಅಲ್ಲಿ ಎಲ್ಲ ಕೆಲಸವನ್ನೂ ಆರು ಗಂಟೆಯಿಂದ ಹಿಂದಕ್ಕೆ ಎಣಿಸುತ್ತಿದ್ದರು. ಸಾಗರದಲ್ಲಿ ಎಷ್ಟೇ ಕೆಲಸವಿರಲಿ, ನಾಲ್ಕಕ್ಕೆ ಬಸ್ ನಿಲ್ದಾಣದಲ್ಲಿರಬೇಕಿತ್ತು. ಮೀಟಿಂಗ್ ಮುಗಿಯುವುದು ತಡವಾದರೆ ಬಾಕಿ ಟೀಚರುಗಳು ಕಾಫಿಗೆ ಹೋಗುತ್ತಿದ್ದರು, ನಾನು ಓಡುತ್ತಿದ್ದೆ. ರಜೆಯ ದಿನಗಳಲ್ಲಿ ಯಾತ್ರಿಕರ ವಾಹನಗಳು ಉದ್ದಕ್ಕೆ ಸಾಲು ನಿಂತಿದ್ದರೆ ಎದೆ ಡವಡವ ಅನ್ನುತ್ತಿತ್ತು. ಒಂದು ದಿನದ ಪ್ರವಾಸಕ್ಕೆ ಬಂದವರಿಗೆ ಲಾಂಚ್ ಒಂದು ಖುಷಿ. ನಮಗೆ ಅದು ಮನೆ ಬಾಗಿಲು. ದಿನಕ್ಕೊಮ್ಮೆ ಹೊರಗಿನಿಂದ ಚಿಲಕ ಬೀಳುವ ಬಾಗಿಲು.

ಎರಡನೆಯದು ಮಳೆಗಾಲದ ದಾಸ್ತಾನು. ನಾನು ಹೋದಾಗಲೇ ಅಮ್ಮನ ಮನೆ ತುಂಬಿತ್ತು. ಸೌದೆ ಕೊಟ್ಟಿಗೆಯಲ್ಲಿ ಮಾಡಿನವರೆಗೆ ಸೌದೆ. ಅಟ್ಟದ ಮೇಲೆ ಒಣಮೆಣಸು, ಹಲಸಿನ ಹಪ್ಪಳ, ಒಣಮೀನು. ಭರಣಿಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಹಲಸಿನ ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ರಾಶಿ ಹಾಕಿಟ್ಟಿದ್ದರು. ನಮ್ಮ ಕಡೆ ದಾಸ್ತಾನು ಮಾಡುವುದು ಬರಗಾಲಕ್ಕೆ. ಇಲ್ಲಿ ಮಾಡುವುದು ಮಳೆಗೆ. ಎರಡೂ ಕಡೆ ಹೆಂಗಸರ ಲೆಕ್ಕ ಒಂದೇ ಥರ: ಎಷ್ಟು ಬಾಯಿ, ಎಷ್ಟು ದಿನ.

ಆರಿದ್ರಾ ಮಳೆ ಹಿಡಿದುಕೊಂಡಾಗ ಆ ಲೆಕ್ಕ ನನಗೆ ಪೂರ್ತಿ ಅರ್ಥವಾಯಿತು. ಹನ್ನೆರಡು ದಿನ ಬಿಸಿಲೇ ಕಾಣಲಿಲ್ಲ. ಹಾಜರಿ ಪುಸ್ತಕಕ್ಕೆ ಬೂಸ್ಟು ಬಂತು. ಸೀಮೆಸುಣ್ಣ ತೇವ ಕುಡಿದು ಬೋರ್ಡಿನ ಮೇಲೆ ಬರೆಯುತ್ತಲೇ ಇರಲಿಲ್ಲ. ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದು, ಮೊದಲು ಅಡುಗೆ ಒಲೆಯ ಸುತ್ತ ನಿಂತು ಕಾಸಿಕೊಂಡು, ಆಮೇಲೆ ಪಾಠಕ್ಕೆ ಕೂರುತ್ತಿದ್ದರು. ನಲಿಕಲಿ ಕಾರ್ಡುಗಳನ್ನು ನಾನು ಒಲೆಯ ಮೇಲಿನ ಅಟ್ಟದಲ್ಲಿ ಇಡಲು ಶುರು ಮಾಡಿದೆ. ಅವಕ್ಕೆಲ್ಲ ಹೊಗೆಯ ವಾಸನೆ. ರಕ್ತ ಹೀರುವ ಉಂಬಳಗಳಿಗೆ ಹೆದರಿ ಮೊದಮೊದಲು ಕಿರುಚುತ್ತಿದ್ದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ಉಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಕೋಲಿಗೆ ಸಿಕ್ಕಿಸಿ ತಂದುಕೊಟ್ಟಳು. ಹೀಗೆ ಮುಟ್ಟಿಸಿ ಅಕ್ಕೋರೆ, ಅದಾಗೇ ಬಿಡ್ತದೆ, ಕೀಳಬೇಡಿ, ಕಿತ್ರೆ ತುರಿಕೆ ಜಾಸ್ತಿ, ಅಂತ ವಿವರವಾಗಿ ಹೇಳಿಕೊಟ್ಟಳು.

ಮೂರನೆಯದು ನೀರಿನ ಅಳತೆ. ಜುಲೈನಲ್ಲಿ ಹೊಳೆ ಏರಲು ಶುರುವಾಗುತ್ತದೆ. ಏರುವುದು ಅಂದರೆ ಪ್ರವಾಹದ ಥರ ನುಗ್ಗುವುದಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ನಿನ್ನೆ ಬಟ್ಟೆ ಒಗೆದ ಕಲ್ಲು ಇರುವುದಿಲ್ಲ. ಇನ್ನೆರಡು ದಿನಕ್ಕೆ ದೋಣಿ ಕಟ್ಟುತ್ತಿದ್ದ ಗೂಟ ಇರುವುದಿಲ್ಲ. ಸದ್ದೇ ಇಲ್ಲದೆ ಹತ್ತಿರ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ. ಈ ಸಂಖ್ಯೆ ಆ ಊರಿನ ಪ್ರತಿ ಮಗುವಿಗೂ ಗೊತ್ತು. ಮಗ್ಗಿ ಬಾರದವರಿಗೂ ಗೊತ್ತು. ಬೇರೆ ಊರುಗಳಲ್ಲಿ ಎದುರು ಸಿಕ್ಕವರು ಊಟ ಆಯ್ತಾ ಅಂತ ಕೇಳುತ್ತಾರೆ. ಅಲ್ಲಿ ಮಳೆಗಾಲದಲ್ಲಿ ಕೇಳುವುದು "ಇವತ್ತು ಎಷ್ಟಡಿ?" ಅಂತ. ನಾನು ಅದನ್ನೇ ಗಣಿತದ ಪಾಠ ಮಾಡಿದೆ. ಇವತ್ತು 1794 ಅಡಿ, ನಿನ್ನೆ 1792, ತುಂಬಲು ಇನ್ನೆಷ್ಟು? ಕಳೆಯುವ ಲೆಕ್ಕದಲ್ಲಿ ನನ್ನ ಮಕ್ಕಳಷ್ಟು ಚುರುಕಾದವರನ್ನು ನಾನು ಬೇರೆ ಯಾವ ಶಾಲೆಯಲ್ಲೂ ಕಂಡಿಲ್ಲ.

ಅದೇ ಮಳೆಗಾಲದಲ್ಲಿ ಒಂದು ದಿನ ನದಿಗಳ ಪಾಠ ಬಂತು. ಶರಾವತಿ ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟುತ್ತದೆ, ಜೋಗದಲ್ಲಿ ಧುಮುಕುತ್ತದೆ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ ಅಂತ ನಕ್ಷೆಯಲ್ಲಿ ತೋರಿಸುತ್ತಿದ್ದೆ. ನಾಲ್ಕನೇ ತರಗತಿಯ ಹುಡುಗ ಕೈ ಎತ್ತಿ, "ಅಕ್ಕೋರೆ, ಅದು ನಮ್ಮ ಊರಿಂದ ಎಷ್ಟು ದೂರ?" ಅಂತ ಕೇಳಿದ. ನಾನು ಕಿಟಕಿಯಾಚೆ ಕೈ ತೋರಿಸಿದೆ. ಅವನು ನಂಬಲಿಲ್ಲ. "ಅದು ಹೊಳೆ ಅಲ್ವಾ?" ಅಂದ. ಅವನ ಪ್ರಕಾರ ಪುಸ್ತಕದಲ್ಲಿರುವ ನದಿ ಬೇರೆ, ಮನೆ ಮುಂದಿನ ಹೊಳೆ ಬೇರೆ. ನಮ್ಮ ಹೊಳೆಯೇ ಶರಾವತಿ, ಇದೇ ನೀರಿನಿಂದ ಬೆಂಗಳೂರಿನ ತನಕ ದೀಪ ಉರಿಯುತ್ತದೆ ಅಂತ ಹೇಳಿದೆ. ಅವನು ತಕ್ಷಣ ಮೇಲೆ ನೋಡಿದ. ಶಾಲೆಯ ಬಲ್ಬು ಎಂಟು ದಿನದಿಂದ ಉರಿದಿರಲಿಲ್ಲ. ಆ ಮಜರೆಗೆ ಕರೆಂಟು ಕಂಬ ಬಂದೇ ಆಗ ಮೂರು ವರ್ಷವಾಗಿತ್ತು. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ನಡುವಿನ ವರ್ಷಗಳನ್ನು ಕಳೆದು ಉತ್ತರ ಹೇಳಿ ಅಂತ ಆ ಮಕ್ಕಳಿಗೆ ಲೆಕ್ಕ ಕೊಡುವ ಧೈರ್ಯ ನನಗೆ ಬರಲಿಲ್ಲ.

ಭೂಮಿ ಹುಣ್ಣಿಮೆಯ ಹೊತ್ತಿಗೆ ಮಳೆ ಬಿಟ್ಟಿತು. ಅದರ ಹಿಂದಿನ ವಾರವೆಲ್ಲ ಅತ್ತಿಗೆ, ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಳು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆಯುವುದು. ಕುಂಚ ಅಂದರೆ ಪುಂಡಿ ನಾರಿನ ಒಂದು ಸಣ್ಣ ಕಟ್ಟು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಗೆರೆ ಎಳೆಯುವಾಗ ಅವಳು ಉಸಿರು ಬಿಡುತ್ತಿರಲಿಲ್ಲ. ಗೆರೆ ಮುಗಿದ ಮೇಲೆ ಒಮ್ಮೆಲೇ ಬಿಡುತ್ತಿದ್ದಳು. ಭತ್ತದ ಸಸಿ, ಬಂಡಿ, ಏಣಿ, ಒನಕೆ ಕುಟ್ಟುವ ಇಬ್ಬರು ಹೆಂಗಸರು. "ದೋಣಿ ಯಾಕಿಲ್ಲ ಅತ್ತಿಗೆ?" ಅಂತ ಕೇಳಿದೆ. "ಹಿಂದಿನವ್ರು ಬರ್ದಿದ್ದು ಇಷ್ಟೇ. ಅವ್ರಿಗೆ ದೋಣಿ ಎಲ್ಲಿತ್ತು, ಗದ್ದೆ ಇತ್ತು" ಅಂದಳು. ಆ ಒಂದು ಮಾತಿನಿಂದ ನನಗೆ ತಿಳಿದಷ್ಟು ಬೇರೆ ಯಾರಿಂದಲೂ ತಿಳಿಯಲಿಲ್ಲ. ಇವರು ಹೊಳೆಯವರಲ್ಲ. ಗದ್ದೆಯವರು. ನೀರು ಬಂದು ಇವರನ್ನು ಹೊಳೆಯವರನ್ನಾಗಿ ಮಾಡಿತು.

ಬೇಸಿಗೆಯಲ್ಲಿ ಅಜ್ಜ ಅದನ್ನು ಕಣ್ಣಾರೆ ತೋರಿಸಿದರು. 2010ರ ಮೇ ತಿಂಗಳು, ನೀರು ಬಹಳ ಕೆಳಗಿಳಿದಿತ್ತು. ಬಿರುಕು ಬಿಟ್ಟ ಕೆಸರಿನ ಮೇಲೆ ಅರ್ಧ ಗಂಟೆ ನಡೆದೆವು. ಸುತ್ತ ಎಲ್ಲಿ ನೋಡಿದರೂ ಕಪ್ಪಗಿನ ಮರದ ಬೊಡ್ಡೆಗಳು. ವರ್ಷಾನುವರ್ಷ ನೀರಿನಲ್ಲಿದ್ದರೂ ಕೊಳೆಯದೆ ನಿಂತಿದ್ದವು. ಅಜ್ಜ ಒಂದು ಕಡೆ ನಿಂತು, ಕಾಲಿನಿಂದ ಮಣ್ಣು ಸರಿಸಿ, "ಇದು ಹೆಬ್ಬಾಗ್ಲು" ಅಂದರು. ಒಂದು ಉದ್ದನೆಯ ಕಲ್ಲು. ನಡುವೆ ಸವೆದು ತಗ್ಗಾಗಿತ್ತು. ಎಷ್ಟೋ ತಲೆಮಾರಿನ ಕಾಲು ತುಳಿದು ಆದ ತಗ್ಗು ಅದು. ಅಜ್ಜ ಅದನ್ನು ದಾಟಿ ಒಳಗೆ ಹೋದರು. ಒಳಗೆ ಅಂದರೆ ಏನೂ ಇಲ್ಲ, ಬಯಲು. ಆದರೂ ಬಾಗಿಲ ಹತ್ತಿರ ಅವರು ತಲೆ ಬಗ್ಗಿಸಿದರು. ಹಳೇ ಮನೆಯ ಬಾಗಿಲು ಗಿಡ್ಡ ಇದ್ದಿರಬೇಕು. ಇದು ಒಲೆ, ಇದು ಬಚ್ಚಲು, ಇಲ್ಲಿ ಭತ್ತದ ಪಣತ ಅಂತ ತೋರಿಸಿದರು. ಊರು ಬಿಡುವಾಗ ಅವರಿಗೆ 17 ವರ್ಷ.

ಅವರ ಅಪ್ಪನ ಕಾಲದಲ್ಲೇ ಹಿರೇಭಾಸ್ಕರ ಅಣೆಕಟ್ಟೆಯ ನೀರು ಬಂದು ಕೆಳಗಿನ ಗದ್ದೆ ಹೋಗಿತ್ತಂತೆ. ಮಡೆನೂರಿನ ಆ ಅಣೆಕಟ್ಟೆಯೂ ಆಮೇಲೆ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಎರಡನೇ ಸಲ ನೀರು ಬಂದಾಗ ಎಷ್ಟೋ ಮನೆಯವರು ಲಾರಿ ಹತ್ತಿ ದೂರದ ಊರುಗಳಿಗೆ ಹೋದರು. ಅಜ್ಜನ ಮನೆಯವರಂಥ ಕೆಲವರು ದನಕರು ಹೊಡೆದುಕೊಂಡು ಗುಡ್ಡದ ಮೇಲಕ್ಕೆ ಹತ್ತಿದರು. ಹತ್ತಿದ ಜಾಗಕ್ಕೆ ಹಕ್ಕುಪತ್ರ ಅಂತ ನಾನಿದ್ದ ಎಂಟು ವರ್ಷವೂ ಅವರು ಓಡಾಡುತ್ತಲೇ ಇದ್ದರು. ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು ನಾನೇ. "ಮುಳುಗಡೆ ಸಂತ್ರಸ್ತರು" ಅಂತ ಬರೆದು ಬರೆದು ಆ ಎರಡು ಪದ ನನ್ನ ಕೈಗೆ ರೂಢಿಯಾಗಿಬಿಟ್ಟಿತ್ತು. ಅಮ್ಮ ಮಾತ್ರ ಹಾಗೆ ಅನ್ನುತ್ತಿರಲಿಲ್ಲ. "ನಾವು ನೀರಿಗೆ ಜಾಗ ಬಿಟ್ಟವ್ರು" ಅನ್ನುತ್ತಿದ್ದರು.

ಇನ್ನು ಕೂಕುಳಿನ ವಿಷಯ. ನನಗೆ ಕೊನೆಗೆ ಕಲಿಯಲು ಬಂದದ್ದು ಅದು.

ಮೊಬೈಲ್ ಇತ್ತು, ಸಿಗ್ನಲ್ ಇರಲಿಲ್ಲ. ದೋಣಿ ಯಾವ ದಡದಲ್ಲಿದ್ದರೂ ಇನ್ನೊಂದು ದಡದವರು ಕೂಗಿಯೇ ಕರೆಯಬೇಕು. ನಾನು ಮೊದಲ ಸಲ ಕೂಗಿದ್ದು "ಅಜ್ಜಾ, ದೋಣಿ ತನ್ನಿ" ಅಂತ. ಗಂಟಲು ಹರಿಯುವ ಹಾಗೆ ಕೂಗಿದರೂ ಆಚೆಗೆ ಮುಟ್ಟಲಿಲ್ಲ. ಒಂದು ಗಂಟೆ ಮಳೆಯಲ್ಲಿ ನಿಂತಿದ್ದೆ. ಮಾತು ನೀರಿನ ಮೇಲೆ ಒಡೆದುಹೋಗುತ್ತದೆ ಅಂತ ಅಮ್ಮ ಆಮೇಲೆ ಹೇಳಿಕೊಟ್ಟರು. ಮಾತು ಬೇಡ, ಬರೀ ದನಿ. ಗಂಟಲಿನಿಂದಲ್ಲ, ಹೊಟ್ಟೆಯಿಂದ. ಮೊದಲು ಗಿಡ್ಡ, ಆಮೇಲೆ ಉದ್ದ, ಕೊನೆಯಲ್ಲಿ ಮೇಲಕ್ಕೆ ಎತ್ತಿ ಬಿಡುವುದು. ಗಾಳಿ ಎದುರಿದ್ದರೆ ಅದು ನಿಲ್ಲುವವರೆಗೆ ಕಾಯುವುದು. ಒಂದೊಂದು ಮನೆಗೂ ಒಂದೊಂದು ಧಾಟಿ ಇತ್ತು. ಕೂಗು ಕೇಳಿದರೆ ಬಂದವರು ಯಾರು ಅಂತ ಅಡುಗೆ ಮನೆಯಲ್ಲಿದ್ದವರಿಗೂ ತಿಳಿಯುತ್ತಿತ್ತು. ಒಂದು ನೇಮವೂ ಇತ್ತು. ಕತ್ತಲಾದ ಮೇಲೆ ಸುಮ್ನೆ ಕೂಗುವ ಹಾಗಿಲ್ಲ. ರಾತ್ರಿ ಕೂಕುಳು ಬಂತು ಅಂದರೆ ಏನೋ ಆಗಿದೆ ಅಂತಲೇ ಅರ್ಥ, ಕೇಳಿದವರು ಎದ್ದು ಬರಲೇಬೇಕು.

2010ರ ಆಗಸ್ಟ್‌ನಲ್ಲಿ ಅಂಥ ರಾತ್ರಿ ಬಂತು. ಅತ್ತಿಗೆಗೆ ದಿನ ತುಂಬಲು ಇನ್ನೂ ಹತ್ತು ದಿನ ಇತ್ತು. ನಾಡಿದ್ದು ಸಾಗರಕ್ಕೆ ಕರೆದುಕೊಂಡು ಹೋಗಿ ನೆಂಟರ ಮನೆಯಲ್ಲಿ ಬಿಡುವುದು ಅಂತ ಮಾತಾಗಿತ್ತು. ಹೊಳೆಯಾಚೆಯ ಬಸುರಿಯರೆಲ್ಲ ಹೀಗೆ ಮೊದಲೇ ಹೋಗಿ ದಡ ಸೇರಿಕೊಳ್ಳುವುದು ಆಗ ವಾಡಿಕೆಯಾಗಿತ್ತು. ಆವತ್ತು ರಾತ್ರಿ ಹತ್ತರ ಮೇಲೆ ನೋವು ಶುರುವಾಯಿತು. ಅಣ್ಣ ಮತ್ತು ಊರಿನ ಗಂಡಸರಲ್ಲಿ ಮುಕ್ಕಾಲು ಜನ ಆಚೆ ಊರಿನ ಮದುವೆ ಮನೆಗೆ ಹೋಗಿದ್ದರು. ದೋಣಿಯೂ ಅವರ ಜೊತೆ ಆಚೆ ದಡದಲ್ಲಿತ್ತು. ಅಜ್ಜನಿಗೆ ಜ್ವರ.

ನಾನೂ ಅಮ್ಮನೂ ಪಕ್ಕದ ಮನೆಯ ಇಬ್ಬರು ಹೆಂಗಸರೂ ನೀರಿನ ಹತ್ತಿರ ಓಡಿದೆವು. ಮಳೆ ಅಂದರೆ ಮಳೆ. ಲಾಟೀನು ಎರಡು ಸಲ ಆರಿಹೋಯಿತು. ಅಮ್ಮ ಕೂಗಿದರು. ಗಾಳಿ ಎದುರಿಗೇ ಇತ್ತು, ದನಿ ವಾಪಸ್ ನಮ್ಮ ಮುಖಕ್ಕೇ ಹೊಡೆಯಿತು. ಎಲ್ಲರೂ ಸೇರಿ ಕೂಗಿದೆವು. ಏನೂ ಇಲ್ಲ. ಅಮ್ಮನ ದನಿ ನಡುಗಲು ಶುರುವಾಯಿತು. ಸೊಸೆಯ ನರಳಾಟ ಹಿಂದಿನಿಂದ ಕೇಳುತ್ತಿತ್ತು. "ಅಕ್ಕೋರೆ, ನೀವು ಹಾಕಿ" ಅಂದರು. ನಾನು ಬಾಯಿಯ ಪಕ್ಕ ಕೈ ಇಟ್ಟುಕೊಂಡು ನಿಂತೆ. ಗಾಳಿ ಬೀಸಿ ಬೀಸಿ ಒಂದು ಗಳಿಗೆ ನಿಂತ ಹಾಗಾಯಿತು. ಆ ಗಳಿಗೆಯಲ್ಲಿ ಬಿಟ್ಟೆ. ಅಂಥ ದನಿ ನನ್ನೊಳಗಿತ್ತು ಅಂತ ನನಗೇ ಗೊತ್ತಿರಲಿಲ್ಲ. ಮತ್ತೆ ಬಿಟ್ಟೆ. ಮೂರನೇ ಸಲಕ್ಕೆ ಆಚೆ ದಡದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಯಾರೋ ಸೂಡಿ ಹಚ್ಚಿದ್ದರು. ಅದು ಆ ಕಡೆ ಈ ಕಡೆ ಆಡಿತು. ಕೇಳಿಸಿತು, ಬರ್ತೀವಿ ಅನ್ನುವ ಗುರುತು. ಅಮ್ಮ ನನ್ನ ತೋಳು ಹಿಡಿದುಕೊಂಡು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

ದೋಣಿ ಬಂದದ್ದು, ಕಂಬಳಿಯ ಜೋಲಿಯಲ್ಲಿ ಅತ್ತಿಗೆಯನ್ನು ಇಳಿಸಿದ್ದು, ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದೋಣಿಯ ನಡುವೆ ಕೂತದ್ದು, ಆಚೆ ದಡದಲ್ಲಿ ಜೀಪು ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದು, ಎಲ್ಲ ತುಂಡು ತುಂಡಾಗಿ ನೆನಪಿದೆ. ತುಮರಿಯಲ್ಲಿ ನರ್ಸಮ್ಮ ಕೊಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಬೆಳಗಿನ ಜಾವ ಹೆಣ್ಣು ಮಗು ಹುಟ್ಟಿತು. ಸಲೀಸಾದ ಹೆರಿಗೆ, ಹಾಗಾಗಿ ಆಯಿತು. ಏನಾದರೂ ತೊಡಕಾಗಿದ್ದರೆ ಬೆಳಿಗ್ಗೆಯ ಲಾಂಚ್‌ವರೆಗೆ ಕಾಯಬೇಕಿತ್ತು. ಎರಡು ವರ್ಷದ ನಂತರ ಅದೇ ಊರಿನ ಇನ್ನೊಬ್ಬರಿಗೆ ಸಂಜೆ ಏಳರ ಹೊತ್ತಿಗೆ ಎದೆನೋವು ಬಂತು. ಸುತ್ತಿನ ದಾರಿಯಲ್ಲಿ ಜೀಪು ಹೊರಟಿತು. ಅರ್ಧ ದಾರಿಯಿಂದ ವಾಪಸ್ ಬಂತು. ನನ್ನ ಶಾಲೆಯ ಮೂವರು ಮಕ್ಕಳು ಅವರ ಮೊಮ್ಮಕ್ಕಳು. ಮಾರನೇ ದಿನ ಶಾಲೆ ತೆರೆಯಲಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ಇದೆ. ಹಿನ್ನೀರಿನ ಫೋಟೋ ನೋಡಿ ಎಷ್ಟು ಚಂದದ ಊರಲ್ಲಿದ್ದಿರಿ ಅಂತ ನನ್ನನ್ನು ಬಹಳ ಜನ ಕೇಳುತ್ತಾರೆ. ಚಂದ ಇತ್ತು. ಕಾರ್ತಿಕದ ಬೆಳಿಗ್ಗೆ ನೀರಿನ ಮೇಲಿನ ಮಂಜು ಏಳುವುದನ್ನು ಎಂಟು ವರ್ಷ ನೋಡಿದರೂ ನನಗೆ ಸಾಕಾಗಲಿಲ್ಲ. ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಇಡೀ ಊರು ಸೂಡಿ ಹಿಡಿದು ಹಳ್ಳಕ್ಕೆ ಇಳಿಯುವ ರಾತ್ರಿಗಾಗಿ ನಾನೂ ಕಾಯುತ್ತಿದ್ದೆ. ಕಳಲೆ ಪಲ್ಯ, ಕೊಟ್ಟೆ ಕಡುಬು, ಅಮ್ಮನ ತಂಬುಳಿ, ಅವನ್ನು ನೆನೆದರೆ ಈಗಲೂ ಬಾಯಲ್ಲಿ ನೀರು. ಆದರೆ ಅಲ್ಲಿನವರು ಒಬ್ಬರಿಗೊಬ್ಬರು ಅಷ್ಟು ಅಂಟಿಕೊಂಡು ಇದ್ದದ್ದು ಹಳ್ಳಿಯ ಮುಗ್ಧತೆಯಿಂದ ಅಂತ ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಕೂಗಿದರೆ ಬರುವುದು ಪಕ್ಕದ ಮನೆಯವರು ಮಾತ್ರ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಜಗಳವಾಡಿದ ಮನೆಯವರೂ ರಾತ್ರಿ ಕೂಕುಳಿಗೆ ಓಗೊಡುತ್ತಿದ್ದರು. ಜಮೀನಿನ ಬೇಲಿಗಾಗಿ ಎರಡು ವರ್ಷ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಆವತ್ತಿನ ದೋಣಿಯಲ್ಲಿ ಎದುರುಬದುರು ಕೂತು ಹುಟ್ಟು ಹಾಕಿದ್ದನ್ನು ನಾನೇ ನೋಡಿದ್ದೇನೆ. ಮಾರನೇ ದಿನದಿಂದ ಅವರು ಮತ್ತೆ ಮಾತಾಡಲಿಲ್ಲ.

2016ರ ಜೂನ್‌ನಲ್ಲಿ ಆ ಮಗು ನನ್ನ ಹತ್ತಿರ ಒಂದನೇ ತರಗತಿಗೆ ಸೇರಿತು. ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವಾಗ ಅತ್ತಿಗೆ ಎದುರಿಗೆ ನಿಂತಿದ್ದಳು. ಇಬ್ಬರೂ ಏನೂ ಮಾತಾಡಲಿಲ್ಲ. ಮುಂದಿನ ವರ್ಷ ಅಪ್ಪನಿಗೆ ಆರೋಗ್ಯ ಕೆಟ್ಟಿತು. ನಾನು ವರ್ಗಾವಣೆ ಕೇಳಿ ನಮ್ಮ ಕಡೆಗೆ ಬಂದೆ. ಹೊರಡುವ ದಿನ ಇಡೀ ಊರು ದಡಕ್ಕೆ ಬಂದಿತ್ತು. ಅಜ್ಜ ತಾವೇ ಹುಟ್ಟು ಹಾಕಿದರು. ಅವರ ಕೈಯಲ್ಲಿ ಆಗ ಅಷ್ಟು ಶಕ್ತಿ ಇರಲಿಲ್ಲ, ದೋಣಿ ದಾಟಲು ಬಹಳ ಹೊತ್ತು ಹಿಡಿಯಿತು. ಬೇಗ ದಾಟಲಿ ಅಂತ ನನಗೂ ಅನ್ನಿಸಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಟಿವಿಯಲ್ಲಿ ನೋಡಿದೆ. ಅಜ್ಜ ಅಷ್ಟರಲ್ಲಿ ಹೋಗಿ ನಾಲ್ಕು ವರ್ಷವಾಗಿತ್ತು. ದಸರಾ ರಜೆಯಲ್ಲಿ ಹೊರಟೆ. ಸೇತುವೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಬಸ್ಸು ನಾಲ್ಕೈದು ನಿಮಿಷದಲ್ಲಿ ದಾಟಿಬಿಟ್ಟಿತು. ನಾನು ಕಿಟಕಿಯಿಂದ ಲಾಂಚ್ ಕಟ್ಟೆಯ ಕಡೆಗೇ ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಗರ್ಭಿಣಿ. ಸಾಗರಕ್ಕೆ ತೋರಿಸಲು ಹೋಗಿ ವಾಪಸ್ ಬರುತ್ತಿದ್ದಳು. "ಸಂಜೆ ಬಸ್ಸಿಗೆ ಹೊರಟ್ರೂ ಆಗ್ತದೆ ಈಗ" ಅಂತ ತಾನಾಗಿಯೇ ಹೇಳಿದಳು. ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಂಡೆ.

ನಮ್ಮ ಮಜರೆಗೆ ಮಾತ್ರ ಈಗಲೂ ಆ ಕವಲು ದಾಟಿಯೇ ಹೋಗಬೇಕು. ಜೀಪು ಇಳಿದು ದಡಕ್ಕೆ ಬಂದೆ. ಹೊಳೆ ತುಂಬಿತ್ತು. ಅಣ್ಣನ ನಂಬರ್ ಇತ್ತು, ಸಿಗ್ನಲ್ ಒಂದು ಕಡ್ಡಿ ಬಂದು ಬಂದು ಹೋಗುತ್ತಿತ್ತು. ಬ್ಯಾಗು ಕೆಳಗಿಟ್ಟೆ. ಬಾಯಿಯ ಪಕ್ಕ ಕೈ ಇಟ್ಟುಕೊಂಡೆ. ದನಿ ಮೊದಲು ಒಡೆಯಿತು. ಗಾಳಿ ನಿಲ್ಲುವವರೆಗೆ ಕಾದು ಇನ್ನೊಮ್ಮೆ ಹಾಕಿದೆ, ಅಮ್ಮನ ಮನೆಯ ಧಾಟಿಯಲ್ಲಿ.

ಆಚೆಯಿಂದ ಓಗೊಟ್ಟ ದನಿ ನನಗೆ ಗುರುತು ಸಿಗಲಿಲ್ಲ. ದೋಣಿ ತಂದವನು ಹದಿನಾಲ್ಕು ಹದಿನೈದರ ಹುಡುಗ. ನಾನು ಬಿಟ್ಟು ಬಂದ ಮೇಲೆ ಆ ಊರಿಗೆ ಬಂದು ಸೇರಿದ ಮನೆಯವನಿರಬೇಕು. ಅವನಿಗೂ ನನ್ನ ಗುರುತಿಲ್ಲ. ದೋಣಿಯನ್ನು ದಡಕ್ಕೆ ತಾಗಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಮ್ಮ, ಕಾಲಲ್ಲಿ ಉಂಬಳ" ಅಂದ. ಸೊಂಟದಿಂದ ಉಪ್ಪಿನ ಗಂಟು ಬಿಚ್ಚಿ ಕೊಟ್ಟ. ನಾನು ಬಗ್ಗಿ ಮುಟ್ಟಿಸಿದೆ. ಅದು ಬಿಟ್ಟು ಕೆಳಗೆ ಬಿತ್ತು. ಬ್ಯಾಗು ಎತ್ತಿಕೊಂಡು ದೋಣಿ ಹತ್ತಿ, ನಡುವೆ ಕೂತೆ.

"ಇವತ್ತು ಎಷ್ಟಡಿ?" ಅಂತ ಕೇಳಿದೆ.

ಹುಟ್ಟು ಎತ್ತಿದವನು ಹಾಗೇ ನಿಲ್ಲಿಸಿ ತಿರುಗಿ ನೋಡಿದ.